ಅಳಿಯನ ಹೆಸರಿನ ಕೋಳಿ

ನಮ್ಮ ಯಜಮಾನರು ಬೋರಯ್ಯನವರಿಗೆ ಅಳಿಯನ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿದ್ದು ಸಕ್ಕರೆ ಕಾಯಿಲೆ ಬಂದ ಮೇಲೆ. ಅರಸೀಕೆರೆಯ ಡಾಕ್ಟರು, "ಮಾತ್ರೆ ತಪ್ಪಿಸಬೇಡಿ, ಮುದ್ದೆ ಚಿಕ್ಕದಿರಲಿ, ಬಾಡಿನ ಬದಲು ಕಾಳು ತಿನ್ನಿ" ಎಂದಿದ್ದರು. ನಾನು ಮನೆಯಲ್ಲಿ ಕೋಳಿ ಕುಯ್ಯುವುದನ್ನೇ ನಿಲ್ಲಿಸಿದೆ. ಹುರಳಿ, ಅಲಸಂದೆ, ಅವರೆ ಎಂದು ದಿನಕ್ಕೊಂದು ಸಾರು ಮಾಡಿದೆ. ಇವರು ಮುಖ ಸಿಂಡರಿಸಿಕೊಂಡೇ ಉಂಡರು.

ಆಮೇಲೆ ಶುರುವಾಯಿತು ಭಾನುವಾರದ ಫೋನು. "ಅರುಣಾ, ಕಣಕಟ್ಟೆಗೆ ಬಂದೋಗಪ್ಪಾ. ನೋಡ್ಬೇಕು ಅನ್ನುಸ್ತೈತೆ."

ಬೇಲೂರಿನಲ್ಲಿ ಮೇಷ್ಟರಾಗಿರುವ ಅಳಿಯ ಅರುಣ್‌ಕುಮಾರ್, ಪಾಪ, ನಮ್ಮ ಮಗಳನ್ನು ಕರೆದುಕೊಂಡು ಬಸ್ಸು ಹತ್ತಿ ಬರುತ್ತಿದ್ದ. ಅಳಿಯನಿಗೆ ಕಾಳುಸಾರು ಬಡಿಸಿದರೆ ಮರ್ಯಾದೆ ಉಳಿಯುತ್ತದೆಯೇ? ಹುಂಜದ ಕತ್ತಿಗೆ ಬಂತು ಕುತ್ತು. "ಅಳಿಯ ಒಬ್ನೇ ಕೂತು ಹೆಂಗೆ ಉಂಡಾನು?" ಎಂದು ಇವರೂ ತಟ್ಟೆ ಮುಂದೆ ಹಾಜರು. ಹೆಸರು ಅಳಿಯನದು, ಹೊಟ್ಟೆ ಮಾವನದು!

ಒಂದು ಸಂಜೆ ಇವರು ತೋಟದಿಂದ ಒಂದೇ ಚಪ್ಪಲಿಯಲ್ಲಿ ಬಂದರು. ಇನ್ನೊಂದು ಕಾಲಿನಿಂದ ಜಾರಿಹೋಗಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಅಂಗಾಲಿಗೆ ಮುಳ್ಳು ಚುಚ್ಚಿ ರಕ್ತ ಬರುತ್ತಿತ್ತು, ಅದೂ ಗೊತ್ತಾಗಿರಲಿಲ್ಲ. ಸಕ್ಕರೆ ಏರಿ ಅಂಗಾಲು ಮರಗಟ್ಟಿಹೋಗಿತ್ತು. ಮುಳ್ಳು ಕೀಳುತ್ತಾ ಬೈದೆ, ಬೈಯುತ್ತಲೇ ಅತ್ತುಬಿಟ್ಟೆ.

ಆ ಭಾನುವಾರ ಮರ್ಯಾದೆ ಹಾಳಾಗಲಿ ಎಂದು ಅಳಿಯನ ತಟ್ಟೆಗೂ ಹಿತುಕಿದ ಅವರೆಬೇಳೆ ಸಾರನ್ನೇ ಬಡಿಸಿದೆ. ಇವರು ನಾಚಿಕೆಯಿಂದ ತಲೆ ಎತ್ತಲಿಲ್ಲ.

ಅರುಣ್ ಎರಡನೇ ಸಲ ಹಾಕಿಸಿಕೊಂಡ. "ಅತ್ತೆ, ನಿಜ ಹೇಳ್ಲಾ? ನಂಗೆ ಕೋಳಿ ಅಷ್ಟಕ್ಕಷ್ಟೇ. ಮಾವ ಬೇಜಾರು ಮಾಡ್ಕೋತಾರೆ ಅಂತ ತಿಂತಿದ್ದೆ."

ಮುಂದಿನ ಭಾನುವಾರ ಇವರು ಫೋನು ಮಾಡಲಿಲ್ಲ. ಏನೆಂದು ಕರೆಯುವುದು? ಜಗಲಿಯಲ್ಲಿ ಕೂತು ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದರು. ಕೋಳಿಯ ನೆಪದಲ್ಲಿ ಆ ಹುಡುಗನ ಮೇಲೆ ನಿಜವಾಗಿಯೂ ಪ್ರೀತಿ ಹುಟ್ಟಿಬಿಟ್ಟಿತ್ತು. ಅದು ಅರ್ಥವಾಗಿ ನನಗೂ ಸಂಕಟವಾಯಿತು.

ಬಸ್ಸು ನಿಂತಿತು. ಅರುಣ್ ಸೊಗಡಿನ ಅವರೆಕಾಯಿಯ ಚೀಲ ಹೊತ್ತು ಇಳಿದ, ಹಿಂದೆಯೇ ಮಗಳು.

"ನಾನು ಕರೀಲೇ ಇಲ್ವಲ್ಲಪ್ಪಾ!" ಎಂದರು ಇವರು.

"ಕರೀಲೇಬೇಕಾ ಮಾವ?"

ಇವರ ಕಣ್ಣು ಒದ್ದೆಯಾಯಿತು. ಹುಟ್ಟಿದಾಗಿನಿಂದ ಅಡುಗೆ ಕೆಲಸ ಮುಟ್ಟದ ಮನುಷ್ಯ ಅಳಿಯನ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿದರು.

ಹೋದ ವಾರ ಡಾಕ್ಟರು, ಸಕ್ಕರೆ ಇಳಿಯುತ್ತಿದೆ, ಹೀಗೇ ಮುಂದುವರಿಸಿ ಎಂದರು. ಆಸ್ಪತ್ರೆಯ ಮೆಟ್ಟಿಲ ಮೇಲೇ ನಿಂತು ಇವರು ಫೋನು ಮಾಡಿದ್ದು ಅಳಿಯನಿಗೆ.

"ಸಕ್ರೆ ಇಳಿದೈತೆ ಕಣಪ್ಪಾ. ಭಾನುವಾರ ಬಾ, ಅವರೆ ನಾನೇ ಹಿತುಕ್ತೀನಿ."