ಕಾರ್ಡಿನ ವಯಸ್ಸು

“ಮಗಳ ವಯಸ್ಸು ಕೇಳಿದ್ರೆ ಗೋಡೆ ನೋಡ್ತೀಯಲ್ಲೇ ಮುಂಡೇದೆ! ಹೆತ್ತೋಳು ನೀನೋ, ಪಕ್ಕದ ಮನೆಯೋಳೋ?”

ಪೊಲೀಸ್ ಸ್ಟೇಷನ್ನಿನ ರೈಟರ್ ಪೆನ್ನಿನಿಂದ ಮೇಜು ಕುಟ್ಟಿದ. ಲಾಂಡ್ರಿಯಲ್ಲಿ ಎಲ್ಲರೂ ದೊಡ್ಡಕ್ಕ ಎಂದು ಕರೆಯುವ ಹೆಂಗಸು ಬೆಳಗಿನಿಂದ ಆಸ್ಪತ್ರೆಯ ಹಾಸಿಗೆ ಬಟ್ಟೆ ಮಡಿಸಿ ಮಡಿಸಿ, ಅಲ್ಲಿಂದ ನೇರವಾಗಿ ಇಲ್ಲಿಗೆ ಓಡಿಬಂದಿದ್ದಳು. ತಲೆ ಓಡುತ್ತಿರಲಿಲ್ಲ. ಬಾಯಿ ಮಾತ್ರ ತಾನಾಗಿಯೇ ಹೇಳಿತು.

“ಹತ್ತೊಂಬತ್ತು ಸ್ವಾಮಿ.”

“ಹೌದು ಸಾರ್, ಹತ್ತೊಂಬತ್ತು,” ಎಂದಳು ಮಗಳು, ಗಂಟಲು ದಪ್ಪ ಮಾಡಿಕೊಂಡು. ಅವಳ ಮೈಕಟ್ಟು ನೋಡಿ ಲಾಂಡ್ರಿಯವರು ಇಟ್ಟ ಹೆಸರು ಕಡ್ಡಿ.

ರೈಟರ್ ಬರೆದುಕೊಂಡ. ಆಮೇಲೆ ಒಂದು ಹಾಳೆ ಎತ್ತಿ, ಕಂಡಕ್ಟರ್ ಸ್ಟಾಪಿನ ಹೆಸರು ಕೂಗುವ ಹಾಗೆ ಒಂದೇ ಉಸಿರಿಗೆ ಓದಿದ. ಸುಮ್ಮನಿರುವ ಹಕ್ಕಿದೆ, ವಕೀಲರನ್ನು ಕೇಳುವ ಹಕ್ಕಿದೆ, ತಿಳೀತಾ?

“ತಿಳೀತು ಸಾರ್.”

“ವಕೀಲರು ಬೇಕಾ?”

“ಬೇಡ ಸಾರ್.”

ದೊಡ್ಡಕ್ಕ ಮೆಲ್ಲಗೆ ಮಗಳ ಭುಜ ತಿವಿದಳು. “ಯಾಕೇ ಬೇಡ ಅಂದೆ?”

“ಇದೂ ರಜಾ ಇದ್ದಂಗೆ ಕಣಮ್ಮ. ಬೋರ್ಡ್ ಮೇಲೆ ಬರ್ದಿರ್ತಾರೆ ಅಷ್ಟೆ. ತಗೊಂಡ್ರೆ ಮಾರನೇ ದಿನ ಗೇಟಲ್ಲೇ ನಿಲ್ಲಿಸ್ತಾರೆ.”

ಹುಡುಗಿ ಜಾಣೆ ಎಂದೇ ದೊಡ್ಡಕ್ಕನಿಗೆ ಅನ್ನಿಸಿತು. ಲಾಂಡ್ರಿಯ ಗೋಡೆಯ ಮೇಲೆ ರಜೆಯ ಪಟ್ಟಿ ಇತ್ತು. ಅದನ್ನು ನಂಬಿ ಬಾಣಂತನಕ್ಕೆ ಹೋದವಳನ್ನು ತಿರುಗಿ ಒಳಗೆ ಬಿಡಲಿಲ್ಲ.

“ಎಲ್ಲಾ ಹೇಳ್ಬಿಟ್ರೆ ನಾಳೆ ಕೆಲಸಕ್ಕೆ ಹೋಗ್ಬೋದಾ ಸಾರ್?” ಎಂದು ಕಡ್ಡಿ ಕೇಳಿದಳು.

ರೈಟರ್ ನಕ್ಕ. “ಹೋಗ್ಬೋದು, ಹೋಗ್ಬೋದು. ಹೇಳು.”

ಹೇಳಿದಳು. ಲಾಂಡ್ರಿಯ ಕಕ್ಕಸಿನ ಬೀಗದ ಕೈ ಮೇಸ್ತ್ರಿಯ ಜೇಬಿನಲ್ಲಿ ಇರುತ್ತಿತ್ತು. ಸೋಮವಾರ ಎಷ್ಟು ಬೇಡಿದರೂ ಅವನು ಕೊಡಲಿಲ್ಲ. ನಿಂತಲ್ಲೇ ಅವಳ ಲಂಗ ಒದ್ದೆಯಾಯಿತು. “ನೋಡ್ರೋ, ಇನ್ನೊಂದು ಬಟ್ಟೆ ಒಗೆಯೋಕೆ ಬಂತು,” ಎಂದು ಮೇಸ್ತ್ರಿ ಎಲ್ಲರನ್ನೂ ಕೂಗಿ ಕರೆದು ತೋರಿಸಿದ. ಮಂಗಳವಾರ ಅವನು ಬಟ್ಟೆ ಒಣಗಿಸುವ ಬಿಸಿ ಕೋಣೆಯೊಳಗೆ ಹೋದಾಗ ಕಡ್ಡಿ ಹೊರಗಿನಿಂದ ಚಿಲಕ ಹಾಕಿದಳು. ನೂರು ಎಣಿಸಿ ತೆಗೆಯಬೇಕೆಂದಿದ್ದಳು. ಎಪ್ಪತ್ತಕ್ಕೆ ಊಟದ ಗಂಟೆ ಹೊಡೆಯಿತು. ಸಾಲಿನಲ್ಲಿ ಜಾಗ ಸಿಗಲಿ ಎಂದು ಓಡಿದಳು.

“ಆಮೇಲೆ?”

“ಮರ್ತ್ಹೋಯ್ತು ಸಾರ್.”

ಮೇಸ್ತ್ರಿ ಈಗ ಆಸ್ಪತ್ರೆಯಲ್ಲಿ ಮೈ ಸುಟ್ಟುಕೊಂಡು ಮಲಗಿದ್ದಾನೆ. ಹೆಂಡತಿಯ ಗುರುತೂ ಅವನಿಗೆ ಹತ್ತುತ್ತಿಲ್ಲ. ‘ಕೊಲ್ಲುವ ಉದ್ದೇಶದಿಂದ ಬಾಗಿಲು ಹಾಕಿ, ಏನೂ ಆಗದವಳಂತೆ ಊಟಕ್ಕೆ ಹೋದಳು,’ ಎಂದು ರೈಟರ್ ಬರೆದ. ಅವನು ಬೆರಳಿಟ್ಟು ತೋರಿಸಿದ ಕಡೆ ಕಡ್ಡಿ ಸಹಿ ಹಾಕಿದಳು.

ಸರ್ಕಾರವೇ ಕೊಟ್ಟ ವಕೀಲಮ್ಮ ಸಿಕ್ಕಿದ್ದು ನಾಲ್ಕು ದಿನ ಕಳೆದ ಮೇಲೆ, ಕೋರ್ಟಿನ ಮೆಟ್ಟಿಲಲ್ಲಿ. ಎಳೆ ವಯಸ್ಸಿನವಳು, ಕಂಕುಳಲ್ಲಿ ಒಂದು ಹೊರೆ ಕಡತ.

“ಹದಿನೆಂಟರ ಒಳಗಿದ್ರೆ ಬೇರೆ ಕೋರ್ಟು, ಮಕ್ಕಳ ಮನೆ, ಒಂದೆರಡು ವರ್ಷ. ಹತ್ತೊಂಬತ್ತು ಅಂದ್ರೆ ಹತ್ತು ವರ್ಷ ಜೈಲು. ನೋಡಿದ್ರೆ ಮಗು ಇದ್ದಂಗಿದಾಳೆ. ನಿಜ ಹೇಳಮ್ಮ, ಎಷ್ಟು?”

ದೊಡ್ಡಕ್ಕ ನಿಜ ಹೇಳಿದಳು. ಮಗಳಿಗೆ ಹದಿನೈದು. ಹತ್ತೊಂಬತ್ತು ಲಾಂಡ್ರಿಯ ಕೆಲಸದ ಕಾರ್ಡಿಗೆ. ಹೋದ ವರ್ಷ ಲಾಂಡ್ರಿಯ ಗೇಟಿನಲ್ಲಿ ‘ಹದಿನೆಂಟರ ಕೆಳಗಿನವರಿಗೆ ಕೆಲಸವಿಲ್ಲ’ ಎಂಬ ಫಲಕದ ಕೆಳಗೇ ನಿಂತು ಮ್ಯಾನೇಜರ್ ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ್ದ. “ಹಾಲುಹಲ್ಲಾದ್ರೂ ಬಿದ್ದಿದ್ಯೇನೇ?” ಎಂದು ನಕ್ಕು, ಅರ್ಧ ಕೂಲಿಗೆ ಒಪ್ಪಿಸಿ, ಕಾರ್ಡಿನಲ್ಲಿ ಹದಿನೆಂಟು ಎಂದು ತಾನೇ ಬರೆದುಕೊಂಡಿದ್ದ. ಹೆಬ್ಬೆಟ್ಟು ಮಾತ್ರ ದೊಡ್ಡಕ್ಕನದು. ಹುಟ್ಟಿದ ಚೀಟಿ ಇಲ್ಲ, ಶಾಲೆಯ ಪುಸ್ತಕದಲ್ಲಿ ಹೆಸರಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಕೆಲಸದ ಒದ್ದೆ ಸೀರೆಯಲ್ಲೇ ಹೋಗಿ ಮ್ಯಾನೇಜರನ ಮುಂದೆ ಕೆಳಗೆ ಕೂತು ಕೈಮುಗಿದಳು. “ಮಗಳ ನಿಜವಾದ ವಯಸ್ಸು ಬರ್ಕೊಡಿ ಅಣ್ಣ. ನಿಮ್ಮ ಕಾಲು ಹಿಡೀತೀನಿ.”

“ಬರ್ಕೊಟ್ಟು ನಾನು ಜೈಲಿಗೆ ಹೋಗ್ಲಾ? ಸುಳ್ಳು ಹೇಳ್ದೋಳು ನೀನು, ಹೆಬ್ಬೆಟ್ಟು ಒತ್ತಿದ್ದೋಳು ನೀನು. ನಿನ್ನ ಹಲ್ಕಾ ಮಗಳು ನಮ್ಮ ಮೇಸ್ತ್ರೀನ ಬೇಯಿಸಿ ಹಾಕಿದಾಳೆ. ಬಾಯಿ ಮುಚ್ಕೊಂಡಿದ್ರೆ ನಿನ್ನ ಕೆಲಸ ಆದ್ರೂ ಉಳೀತದೆ. ಕೆಳಗೆ ಕೂತಿದೀಯಲ್ಲ, ಚಾಪೆ ಒದ್ದೆ ಮಾಡ್ಬೇಡ, ಏಳು.”

ಬಡವನ ಕೋಪ ದವಡೆಗೆ ಮೂಲ. ಎದ್ದು ಬಂದು ಉಳಿದ ಪಾಳಿ ಮುಗಿಸಿದಳು. ಹಾಸಿಗೆ ಬಟ್ಟೆಯ ಇನ್ನೊಂದು ತುದಿ ಹಿಡಿಯಲು ಮಗಳಿರಲಿಲ್ಲ. ಯಾರೋ ಹೊಸಬಳು ಹಿಡಿದಳು, ಅಂಚಿಗೆ ಅಂಚು ಕೂಡಲಿಲ್ಲ.

ಜೈಲಿನಲ್ಲಿ ಭೇಟಿಗೆ ಬಿಟ್ಟಾಗ ದೊಡ್ಡಕ್ಕ ಕಂಬಿಗೆ ಮುಖ ಒತ್ತಿ ಪಿಸುಗುಟ್ಟಿದಳು. “ಜಡ್ಜ್ ಕೇಳಿದ್ರೆ ಹದಿನೈದು ಅನ್ನು. ನಿಜಾನೇ ಹೇಳು, ನನ್ನವ್ವ.”

ಕಡ್ಡಿ ಪಕ್ಕದಲ್ಲಿ ನಿಂತಿದ್ದ ಕಾವಲಿನವಳನ್ನು ನೋಡಿದಳು, ತಾಯಿಯನ್ನು ನೋಡಿದಳು, ಕಣ್ಣು ಮಿಟುಕಿಸಿದಳು. ಕೆಲಸಕ್ಕೆ ಸೇರುವ ಮುಂಚೆ ದಿನಾ ತಲೆ ಬಾಚುವಾಗ ದೊಡ್ಡಕ್ಕ ಹೀಗೆಯೇ ಪರೀಕ್ಷೆ ಮಾಡುತ್ತಿದ್ದಳು. ‘ನಿಜ ಹೇಳು ಪುಟ್ಟಿ, ಎಷ್ಟು?’ ಎಂದು ಮುದ್ದಾಗಿ ಕೇಳುವಳು, ನಿಜ ಹೇಳಿದರೆ ಬಾಚಣಿಗೆಯಿಂದ ಮೊಟಕುವಳು.

“ನಾನು ಬಾಯಿ ಬಿಡಲ್ಲಮ್ಮ. ಹೆದರಬೇಡ. ನಿನ್ನ ಕೆಲಸ ಹೋಗೋಕೆ ಬಿಡಲ್ಲ.”

“ಪರೀಕ್ಷೆ ಅಲ್ಲ ಕಣೇ—”

“ಟೈಮಾಯ್ತು,” ಎಂದಳು ಕಾವಲಿನವಳು.

ಕೋರ್ಟಿನಲ್ಲಿ ಮ್ಯಾನೇಜರ್ ಕಾರ್ಡು ತಂದು ಕೊಟ್ಟು, ಹಿಂದಿನ ಬೆಂಚಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ. ವಕೀಲಮ್ಮ ಕರೆದಳು. ದೊಡ್ಡಕ್ಕ ಎದ್ದು ನಿಂತಳು. ಈ ಮಾತು ಆಡಿದರೆ ಕೆಲಸ ಹೋಯಿತೆಂದೇ ಲೆಕ್ಕ, ಬೇರೆ ಲಾಂಡ್ರಿಯವರೂ ಸೇರಿಸುವುದಿಲ್ಲ.

“ಹದಿನೈದು ಸ್ವಾಮಿ.”

“ಸ್ಟೇಷನ್ನಲ್ಲಿ ಹತ್ತೊಂಬತ್ತು ಅಂದಿದೀಯ?” ಎಂದರು ಜಡ್ಜು.

“ಸುಳ್ಳು ಹೇಳಿದ್ದೆ. ಅಲ್ಲಿ ಕೂತಿದಾರಲ್ಲ, ಅವರಿಗೂ ಗೊತ್ತು. ಬರ್ದೋರೇ ಅವರು.”

ಸರ್ಕಾರಿ ವಕೀಲ ನಗುತ್ತ ಎದ್ದ. “ಜೈಲು ಅಂದ ತಕ್ಷಣ ಎಲ್ಲಾ ತಾಯಂದಿರ ಮಕ್ಕಳೂ ನಾಲ್ಕು ವರ್ಷ ಚಿಕ್ಕೋರಾಗ್ತಾರೆ, ಸ್ವಾಮಿ.”

ಕೋರ್ಟಿಗೆ ಕೋರ್ಟೇ ನಕ್ಕಿತು. ಜಡ್ಜು ಕಟಕಟೆಯ ಕಡೆ ತಿರುಗಿ, ನೀನೇ ಹೇಳಮ್ಮ ಎಂದರು. ಕಟಕಟೆಯ ಪಟ್ಟಿ ಹುಡುಗಿಯ ಎದೆಯವರೆಗೆ ಬರುತ್ತಿತ್ತು. ಕಡ್ಡಿ ಮೊದಲು ಮ್ಯಾನೇಜರನ್ನು ನೋಡಿದಳು. ಆಮೇಲೆ ಗಂಟಲು ದಪ್ಪ ಮಾಡಿದಳು.

“ಹತ್ತೊಂಬತ್ತು ಸ್ವಾಮಿ. ಅಮ್ಮಂಗೆ ಲೆಕ್ಕ ಬರಲ್ಲ.”

ವಯಸ್ಸು ತಿಳಿಯಲು ಮೂಳೆ ಪರೀಕ್ಷೆ ಆಗಲಿ ಎಂದು ವಕೀಲಮ್ಮ ಬೇಡಿಕೊಂಡಳು. ಅರ್ಜಿ ಕೊಡಿ, ಮುಂದಿನ ತಿಂಗಳು ನೋಡೋಣ, ಅಲ್ಲಿಯವರೆಗೆ ದೊಡ್ಡವರ ಜೈಲೇ ಎಂದು ಜಡ್ಜು ಕಡತ ಮುಚ್ಚಿದರು. ಮುಂದಿನ ಕೇಸು ಕೂಗಿದರು.

ದೊಡ್ಡಕ್ಕ ಅಲ್ಲೇ, ಕಟಕಟೆಗೂ ಜಡ್ಜರ ಮೇಜಿಗೂ ನಡುವೆ, ನೆಲದ ಮೇಲೆ ಕೂತಳು.

“ಏಯ್, ಏಳೇ!”

“ಹದಿನೈದು ಅಂತ ಬರ್ಕೊಳ್ಳಿ, ಏಳ್ತೀನಿ.”

ಇಬ್ಬರು ಪೇದೆಗಳು ರಟ್ಟೆ ಹಿಡಿದು ಎಳೆದರು. ಇಪ್ಪತ್ತು ವರ್ಷ ಒದ್ದೆ ಬಟ್ಟೆಯ ಮೂಟೆ ಎತ್ತಿದ ಮೈ, ಅಲುಗಲಿಲ್ಲ. ಅವಳು ಕೂಗಲಿಲ್ಲ, ಅಳಲೂ ಇಲ್ಲ. ಅದಕ್ಕೆಲ್ಲ ಅವಳಲ್ಲಿ ಕಸುವು ಉಳಿದಿರಲಿಲ್ಲ. ಕೂತಿರುವುದಷ್ಟೇ ಸಾಧ್ಯವಿತ್ತು. ಸೀರೆ ಭುಜದಿಂದ ಜಾರಿತು, ಜನ ಎದ್ದು ನಿಂತು ನೋಡಿದರು. ಮಗಳ ಮುಖ ಅವಮಾನದಿಂದ ಕೆಂಪಾಯಿತು.

“ಏಳಮ್ಮ, ಎಲ್ಲರೂ ನೋಡ್ತಿದಾರೆ,” ಎಂದು ಕಡ್ಡಿ ಕಟಕಟೆಯಿಂದ ಗದರಿದಳು. “ನಾನೇನು ಮಗುವಾ?”

ತಾಯಿ ಏಳಲಿಲ್ಲ.