ಬಲಕ್ಕೆ ಬಿದ್ದ ಹೂ

ಹೂ ಇನ್ನೂ ಬಿದ್ದಿರಲಿಲ್ಲ. ಯಾವ ಕಡೆಗಾದರೂ ಸರಿ, ಬಿದ್ದರೆ ಸಾಕು ಎಂದುಕೊಂಡ ಚೌಡೇಶ.

ಗುಡಿಯಲ್ಲಿ ಅಮ್ಮನವರ ಎರಡು ಭುಜಕ್ಕೂ ಪೂಜಾರಿ ಮಾರಯ್ಯ ಒದ್ದೆ ಕಣಗಿಲೆ ಹೂ ಅಂಟಿಸಿ ಅರ್ಧ ಗಂಟೆಯಾಗಿತ್ತು. ಬಲಗಡೆ ಬಿದ್ದರೆ ಆಗಲಿ, ಎಡಗಡೆ ಬಿದ್ದರೆ ಬೇಡ. ಕೇಳುವುದನ್ನು ಮನಸ್ಸಿನಲ್ಲೇ ಕೇಳಿಕೊಳ್ಳಬೇಕು, ಬಾಯಿಬಿಟ್ಟರೆ ಫಲವಿಲ್ಲ.

ಚಳ್ಳಕೆರೆಯ ಶಾಲೆಗೆ ಅವನನ್ನು ಉಪಾಧ್ಯಾಯನಾಗಿ ನೇಮಿಸಿದ ಹುಕುಂ ಬಂದು ಹದಿನೆಂಟು ದಿನ. ನಾಳೆ ಹಾಜರಾಗದಿದ್ದರೆ ಆ ಕೆಲಸ ಇನ್ನೊಬ್ಬನಿಗೆ. ಇತ್ತ ಮೊಳಕಾಲ್ಮೂರಿನ ಮನೆಯಲ್ಲಿ ಅಪ್ಪ ನಾಗರಾಜಪ್ಪನ ಕಣ್ಣಿಗೆ ಪೊರೆ ಬಂದು ರೇಷ್ಮೆ ಎಳೆ ಕಾಣುತ್ತಿರಲಿಲ್ಲ. ಮಗ ಕೂರದಿದ್ದರೆ ಮಗ್ಗ ನಿಂತಂತೆಯೇ. ಹೋಗಲೇ ಎಂದು ಒಂದು ದಿನ, ಇರಲೇ ಎಂದು ಇನ್ನೊಂದು ದಿನ. ಹದಿನೆಂಟು ದಿನವೂ ಹೀಗೇ ಕಳೆದಿದ್ದವು. ಲೋಯರ್ ಸೆಕೆಂಡರಿ ಪಾಸು ಮಾಡಿದವನು, ಪೂಜಾರಿಯನ್ನು ಕಂಡರೆ ಒಳಗೊಳಗೇ ನಗುವವನು, ಅವ್ವ ಹೂ ಕೇಳೋಣ ಎಂದಾಗ ಮರುಮಾತಾಡದೆ ಒಪ್ಪಿದ್ದ. ನಂಬಿಕೆಯಿಂದಲ್ಲ. ಮುಂದೆ ಬಾಳು ಕೆಟ್ಟರೆ ಬೈಯಲು ತನ್ನ ಹೊರತು ಇನ್ನೊಬ್ಬರು ಬೇಕಾಗಿತ್ತು.

ಹೋಗಲೇ, ಎಂದು ಕೇಳಿಕೊಂಡ.

ಬಲಗಡೆಯ ಹೂ ಜಾರಿ ಬಿತ್ತು.

ಸಂತೋಷವಾಗಬೇಕಿತ್ತು. ಆದದ್ದು ಭಯ. ಚಳ್ಳಕೆರೆಯ ಬಾಡಿಗೆ ಕೋಣೆ, ಗುರುತಿಲ್ಲದ ಮುಖಗಳು, ಒಬ್ಬನೇ ಕೂತು ಉಣ್ಣುವ ಮುದ್ದೆ, ಎಲ್ಲ ಒಟ್ಟಿಗೆ ನುಗ್ಗಿ ಬಂದವು. ಆದರೂ ತೀರಿತಲ್ಲ ಎಂದು ತಿರುಗಿದರೆ ಅವ್ವ ಪೆದ್ದಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಳು.

"ತಾಯಿ ಕೈ ಬಿಡ್ಲಿಲ್ಲ," ಅಂದಳು. "ಮಗ ಮನ್ಯಾಗೇ ಇರ್ಲೇನವ್ವ ಅಂತ ಕೇಳ್ಕಂಡೆ. ಬಲಕ್ಕೇ ಕೊಟ್ಳು."

ಒಂದೇ ಹೂವು ಇಬ್ಬರಿಗೂ ಒಪ್ಪಿಗೆ ಕೊಟ್ಟಿತ್ತು. ಯಾರು ಕೇಳುವುದು, ಏನೆಂದು ಕೇಳುವುದು ಎಂದು ಮೊದಲೇ ಗೊತ್ತುಮಾಡಿಕೊಳ್ಳಬೇಕೆಂದು ಮನೆಮಂದಿಗೆ ಹೊಳೆದೇ ಇರಲಿಲ್ಲ. ಅವ್ವನ ಕೈ ಹಿಡಿದು ಬಂದಿದ್ದ ಅಪ್ಪ ಏನು ಕೇಳಿಕೊಂಡಿದ್ದನೋ, ಅದೂ ಗೊತ್ತಾಗಲಿಲ್ಲ. ಮಾರಯ್ಯ ಕಾಯಿಯ ಹೋಳು ಕೈಗಿಟ್ಟು ಮುಂದಿನವರನ್ನು ಕರೆದ.

ತಾನು ಕೇಳಿದ್ದೇ ಬೇರೆ ಎಂದು ಮೆಟ್ಟಿಲಿಳಿಯುವಾಗ ಹೇಳಿಬಿಡೋಣ ಎಂದುಕೊಂಡ. ಕೇರಿ ಬಂದ ಮೇಲೆ ಹೇಳಿದರಾಯಿತು ಎಂದುಕೊಂಡ. ಕೇರಿಯಲ್ಲಿ ನೆರೆಮನೆಯ ನಿಂಗಕ್ಕ ಏನಾಯಿತೆಂದು ಕೇಳಿದಳು. ಅವ್ವ ನಿಂತು ಎಲ್ಲ ಹೇಳಿದಳು. ತನ್ನ ಬದುಕಿನ ಸುದ್ದಿಯನ್ನು ಚೌಡೇಶನೂ ಪಕ್ಕದಲ್ಲಿ ನಿಂತು ಕೇಳಿದ. ನಾಚಿಕೆಯಾಯಿತು. ಆದರೂ ತಲೆಯಾಡಿಸಿದ.

ಮನೆಯಲ್ಲಿ ಹೊಸ ಹಾಸು, ಮುಂದಿನ ಸೀರೆಗಳ ಉದ್ದೆಳೆಗಳು, ಸಿದ್ಧವಾಗಿತ್ತು. ಮಗ್ಗದಲ್ಲಿ ಉಳಿದ ಹಳೆಯ ಹಾಸಿನ ಒಂದೊಂದು ಎಳೆಗೂ ಹೊಸದರ ಒಂದೊಂದು ಎಳೆಯನ್ನು ಹೊಸೆದು ಕೆಚ್ಚಿ ಕೂಡಿಸಬೇಕು. ಸಾವಿರಾರು ಎಳೆ. ಚೌಡೇಶ ಮಗ್ಗದ ಗುಂಡಿಗಿಳಿದು ಕೂತ. ಎದುರಿಗೆ, ಎಳೆಗಳ ಆಚೆ, ಅವ್ವ. ಅವನು ಹಳೆಯ ಎಳೆ ಆರಿಸಿ ಕೊಡಬೇಕು, ಅವಳು ಎಳೆ ಜಾರದಂತೆ ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆಯಬೇಕು.

ಅವಳು ಬೂದಿ ಹಚ್ಚಿಕೊಂಡಳು. ಕೆಲಸ ಮಾತ್ರ ಶುರು ಮಾಡಲಿಲ್ಲ.

"ನೀನೇನು ಕೇಳ್ಕಂಡಿದ್ದೆ, ಚೌಡ?"

"ಏನೂ ಇಲ್ಲ."

"ಹೋಗಂಗಿದ್ರೆ ಈಗ್ಲೇ ಹೇಳಪ್ಪ. ನಾನೇನೂ ಅನ್ನಲ್ಲ. ಕೆಚ್ಚಿದ ಮ್ಯಾಲೆ ಬಿಚ್ಚಾಕಾಗಲ್ಲ."

ಅವಳು ನಿಜವಾಗಿಯೂ ಕೇಳುತ್ತಿದ್ದಳು. ಅದೇ ಅವನಿಗೆ ಸಿಟ್ಟು ತರಿಸಿತು. ಗದರಿದ್ದರೆ ಜಗಳವಾಡಿ ಹೊರಟುಬಿಡಬಹುದಿತ್ತು. ಅತ್ತಿದ್ದರೆ ನಿನಗೋಸ್ಕರ ಉಳಿದೆ ಎಂದು ಸಾಯುವವರೆಗೆ ಹಂಗಿಸಬಹುದಿತ್ತು. ಅವಳು ಎರಡನ್ನೂ ಮಾಡಲಿಲ್ಲ. ಪಡಸಾಲೆಯಲ್ಲಿ ಅಪ್ಪ ಕೆಮ್ಮನ್ನೂ ತಡೆಹಿಡಿದಂತಿತ್ತು. ಹೋಗಬೇಕೋ, ಇರಬೇಕೋ? ಚೌಡೇಶ ತನ್ನೊಳಗೆ ಹುಡುಕಿದ. ಉತ್ತರ ಕೊಡಲು ಅಲ್ಲಿ ಯಾರೂ ಇರಲಿಲ್ಲ.

ಒಂದು ಎಳೆ ಆರಿಸಿ ಮುಂದಕ್ಕೆ ಹಿಡಿದ.

ಅವಳು ತೆಗೆದುಕೊಳ್ಳಲಿಲ್ಲ, ಅವನೇ ಬಾಯಿಬಿಟ್ಟು ಹೇಳಲಿ ಎಂದು ಕಾದಳು. ಅವನು ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ. ಇಬ್ಬರ ನಡುವೆ ಆ ಎಳೆ ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣಗೆ ನಡುಗುತ್ತಿತ್ತು. ಸೊಂಟದವರೆಗೆ ನೆಲದೊಳಗೆ ಕೂತವನು ಕೈ ಇಳಿಸಲಿಲ್ಲ. ಕೆಳಗೆ, ಗುಂಡಿಯ ಕತ್ತಲಲ್ಲಿ, ಕಾಲುಗಳು ಮೆಲ್ಲಗೆ ಮರಗಟ್ಟತೊಡಗಿದವು.