ಅಡಿಕೆ ಮನೆಗೆ ಬಂದ ರಾಣಿ

ನಮ್ಮ ಓಣಿಯ ಕಸ್ತೂರಮ್ಮ ಏನು ತಂದರೂ ತಿಂಗಳೊಳಗೆ ಅದು ನಮ್ಮ ಮನೆಗೂ ಬರಬೇಕಿತ್ತು. ಅವಳು ಕುಕ್ಕರ್ ತಂದಳು, ನಾನೂ ತರಿಸಿದೆ. ಅವಳು ಬಾಗಿಲಿಗೆ ಹೂವಿನ ಕರ್ಟನ್ ಹಾಕಿದಳು, ನಾನು ಕಿಟಕಿಗೂ ಹಾಕಿದೆ. ನನ್ನ ಹೆಸರು ಶಂಕರಮ್ಮ, ಊರು ನಲ್ಲೂರು. ನನ್ನದು ಬರೀ ಹೊಟ್ಟೆಕಿಚ್ಚು. ಅದನ್ನು ಬಾಯಿಬಿಟ್ಟು ಹೇಳದಿದ್ದರೆ ಈ ಕಥೆ ನಿಮಗೆ ಅರ್ಥವಾಗುವುದಿಲ್ಲ.

ಹೋದ ವರ್ಷ, ಎಂಬತ್ಮೂರನೇ ಇಸವಿಯಲ್ಲಿ, ಕಸ್ತೂರಮ್ಮನ ಮನೆಗೆ ದಾವಣಗೆರೆಯಿಂದ ಒಂದು ನಾಯಿಮರಿ ಬಂತು. ಹತ್ತಿಯಂಥ ಬಿಳೀ ಕೂದಲಿನ ಪಮೇರಿಯನ್ ಮರಿ. ಹೆಸರು ಪಿಂಕಿ. ಬಸ್ಸಿಗೆ ಹೊರಟವರು ಅವಳ ಗೇಟಿನ ಮುಂದೆ ನಿಂತು ನೋಡಿ ಹೋಗುತ್ತಿದ್ದರು. ನಮ್ಮ ಮನೆಯಲ್ಲೂ ಒಂದು ಪಟ್ಟೆಬೆಕ್ಕು ಇತ್ತು. ಅದನ್ನು ನೋಡಲು ಯಾರು ಬರುತ್ತಾರೆ? ನನ್ನ ಮಗಳು ಶಾಲೆ ಬಿಟ್ಟ ಕೂಡಲೇ ಚೀಲ ಎಸೆದು ಅಲ್ಲಿಗೆ ಓಡುತ್ತಿದ್ದಳು. ನಾಯಿ ಹೊಸ್ತಿಲು ದಾಟಿದರೆ ಮನೆಯೆಲ್ಲ ತೊಳೆಸುವ ನಮ್ಮತ್ತೆ ಕಲ್ಲಮ್ಮ ಕೂಡ ಒಂದು ದಿನ ಆ ಗೇಟಿನ ಮುಂದೆ ನಿಂತು ಪಿಂಕಿಗೆ ರೊಟ್ಟಿ ಚೂರು ಹಾಕುತ್ತಿದ್ದರು. ಅವತ್ತು ನನಗೆ ಊಟ ಸೇರಲಿಲ್ಲ.

"ಏನ್ರೀ, ನಮಗೂ ಒಂದು ಅಂಥಾ ಮರಿ ಬೇಕು," ಎಂದೆ ನನ್ನ ಗಂಡ ಮರುಳಪ್ಪನಿಗೆ.

"ಖೇಣಿ ಶುರುವಾಗೋ ಹೊತ್ತಿನಾಗ ನಾಯಿ ಯಾಕೆ ಬೇಕೇ? ಅದನ್ನ ನೋಡ್ಕಳಾಕೆ ಯಾರಿಗೆ ಪುರುಸೊತ್ತು ಐತೆ?" ಎಂದರು.

ಖೇಣಿ ಅಂದರೆ ತೋಟದವರಿಂದ ಮರದ ಮೇಲಿನ ಫಸಲನ್ನೇ ಮಾತಾಡಿಕೊಂಡು, ಕೊಯ್ಯಿಸಿ, ಸುಲಿಸಿ, ಬೇಯಿಸಿ ಮಾರುವ ಕೆಲಸ. ಮೂರು ನಾಲ್ಕು ತಿಂಗಳು ನಮ್ಮ ಪಡಸಾಲೆ ತುಂಬ ಹಸಿ ಅಡಿಕೆ ರಾಶಿ. ಸುಲಿಯಲು ಹದಿನೈದು ಹೆಂಗಸರು, ಹಿತ್ತಿಲಲ್ಲಿ ಕುದಿಯುವ ಹಂಡೆ. ಬಾಗಿಲು ಹಾಕುವುದೇ ಇಲ್ಲ. ನಾನೋ ಬೆಳಗಿನಿಂದ ಅಡಿಕೆ, ಅಡುಗೆ, ಒಲೆ ಅಂತ ಓಡಾಡುತ್ತಿರುತ್ತೇನೆ.

ನಮ್ಮೂರ ಪಶು ಆಸ್ಪತ್ರೆಯ ಕಾಂಪೌಂಡರ್ ಬೆನಕಪ್ಪನೂ ಅದನ್ನೇ ಹೇಳಿದ. ಎಮ್ಮೆಗೆ ಔಷಧಿ ಕೊಡಲು ಬಂದವನು ನನ್ನ ಮಾತು ಕೇಳಿ ನಕ್ಕ.

"ಶಂಕ್ರಕ್ಕಾ, ಮರಿ ಚಂದ ಐತೋ ಇಲ್ವೋ ಅನ್ನೋದು ಆಮೇಲೆ. ಮೊದ್ಲು ನಿಮ್ಮನೆ ನೋಡ್ರಿ. ಅದರ ಜೊತೆ ದಿನಾ ಯಾರು ಇರ್ತಾರೆ? ಮರಿಗೆ ಹಲ್ಲು ಕಡೀತೈತೆ, ಸಿಕ್ಕಿದ್ದೆಲ್ಲ ಅಗೀತೈತೆ. ಆ ಕೂದ್ಲು ದಿನಾ ಬಾಚಬೇಕು. ನಿಮ್ಮ ಹಂಡೆ ಹತ್ರ ಅದು ಸೆಕೆ ತಡಿಯಾಕಿಲ್ಲ. ಕಸ್ತೂರಕ್ಕ ಇಡೀ ದಿನ ಮನ್ಯಾಗೇ ಇರ್ತಾರೆ, ಕಾಂಪೌಂಡು ಐತೆ. ಅವರಿಗೆ ಹೊಂದ್ತೈತೆ."

"ಅಂದ್ರೆ ನಮಗೆ ಯೋಗ್ಯತೆ ಇಲ್ಲ ಅಂತೀಯೇನೋ?"

"ಯೋಗ್ಯತೆ ಮಾತಲ್ಲಕ್ಕಾ. ನಿಮಗೆ ಬೆಕ್ಕೇ ಸರಿ. ಚೀಲ ಕಡಿಯೋ ಇಲಿ ಹಿಡೀತೈತೆ, ತನ್ನ ಪಾಡಿಗೆ ಇರ್ತೈತೆ. ನಿಮ್ಮನ್ಯಾಗೆ ಆಗ್ಲೇ ಐತಲ್ಲ!"

ಇವನಿಗೆ ಕಸ್ತೂರಮ್ಮ ಕಾಫಿ ಕುಡಿಸಿ ಕಳಿಸಿದ್ದಾಳೆ ಅಂದುಕೊಂಡೆ. ಎರಡು ದಿನ ಗಂಡನ ಹತ್ತಿರ ಮಾತು ಬಿಟ್ಟೆ. ಮೂರನೇ ವಾರ ನಮ್ಮ ಮನೆಗೂ ಅಂಥದೇ ಮರಿ ಬಂತು. ಅವಳದು ಪಿಂಕಿ ಆದರೆ ನಮ್ಮದು ರಾಣಿ ಆಗಲಿ ಅಂತ ನಾನೇ ಹೆಸರಿಟ್ಟೆ.

ಮೊದಲ ಎಂಟು ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ರಾಣಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕಸ್ತೂರಮ್ಮನ ಗೇಟಿನ ಮುಂದೆ ಬೇಕೆಂದೇ ಎರಡು ಸಲ ಹಾದುಹೋಗುತ್ತಿದ್ದೆ. "ಎಷ್ಟು ಮುದ್ದಾಗೈತೆ ಶಂಕ್ರಕ್ಕಾ!" ಎಂದು ಅವಳು ಖುಷಿಪಟ್ಟಳು. ಅವಳಿಗೂ ಹೊಟ್ಟೆ ಉರಿಯಲಿ ಅಂತ ನಾನು ಹೋದರೆ ಅವಳು ನಗುತ್ತಾಳಲ್ಲ ಅಂತ ನನಗೇ ಇನ್ನಷ್ಟು ಉರಿಯಿತು.

ಖೇಣಿ ಶುರುವಾಯಿತು. ರಾಣಿಯನ್ನು ನಡುಮನೆಯ ಕಂಬಕ್ಕೆ ಕಟ್ಟಿದೆ. ಕುಂಯ್‌ಗುಟ್ಟುತ್ತಲೇ ಇರುತ್ತಿತ್ತು. ಕೂದಲು ಜಡೆಗಟ್ಟಿತು. ಬಿಚ್ಚಿ ಬಿಟ್ಟರೆ ಸುಲಿಯುವ ಹೆಂಗಸರ ನಡುವೆ ನುಗ್ಗಿ ಸಿಪ್ಪೆ ಎಳೆಯುತ್ತಿತ್ತು. ಒಂದು ದಿನ ಸುಲಿಯುತ್ತಿದ್ದ ಓಬವ್ವ ಕೇಳಿದಳು, "ಕಸ್ತೂರಮ್ಮನ ನಾಯಿ ಕೈ ಕೊಡು ಅಂದ್ರೆ ಕೈ ಕೊಡ್ತೈತಂತೆ. ನಿಮ್ದು ಏನು ಮಾಡ್ತೈತಮ್ಮಾ?"

ನನಗೆ ಮೈ ಉರಿಯಿತು. ಕೈಗೆ ಸಿಕ್ಕ ಎಳೇ ಅಡಿಕೆಯ ಹೋಳೊಂದನ್ನು ರಾಣಿಯ ಬಾಯಿಗೆ ಹಿಡಿದೆ. ಅದು ಕಟಕಟ ಅಗಿಯಿತು. "ನೋಡ್ರೇ, ಕಸ್ತೂರಮ್ಮನ ನಾಯಿಗೆ ಬಿಸ್ಕತ್ತು ಬೇಕು. ನಮ್ಮ ರಾಣಿ ಖೇಣಿ ಮನೆ ನಾಯಿ, ಅಡಿಕೆ ಅಗೀತಾಳೆ!" ಎಂದೆ. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನಾವೆಲ್ಲ ದಿನಾ ಅಗಿಯುವ ಅಡಿಕೆ, ಅದಕ್ಕೇನಾದೀತು ಅಂತ ಒಬ್ಬರಿಗೂ ಹೊಳೆಯಲಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ ನಾನು ಹಂಡೆಯ ಹತ್ತಿರ ಇದ್ದೆ. ಅತ್ತೆ ಕೂಗಿದರು, "ಶಂಕ್ರೀ, ಬಾರೇ ಇಲ್ಲಿ! ನಿನ್ನ ಮರಿ ಹೆಂಗೋ ಮಾಡ್ತೈತೆ!"

ಬೆಳಿಗ್ಗೆ ಬಿಚ್ಚಿ ಬಿಟ್ಟಿದ್ದ ರಾಣಿ ರಾಶಿಯ ಪಕ್ಕದಲ್ಲಿ ಬಿದ್ದಿತ್ತು. ಬಾಯಿಂದ ನೊರೆ, ಜೊಲ್ಲು ಸುರಿಯುತ್ತಿತ್ತು. ವಾಂತಿಯಲ್ಲಿ ಅಡಿಕೆ ಚೂರುಗಳು. ಎದ್ದು ನಿಲ್ಲಲು ಹೋಗಿ ಕಾಲು ಸೋತು ಬಿತ್ತು. ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ಓಡಿದೆ.

ಈಗ ಹೇಳುವುದನ್ನು ಗಂಡನಿಗೂ ಹೇಳಿರಲಿಲ್ಲ. ಆಸ್ಪತ್ರೆಗೆ ಹತ್ತಿರದ ದಾರಿ ಕಸ್ತೂರಮ್ಮನ ಗೇಟಿನ ಮುಂದೆಯೇ ಹೋಗುತ್ತದೆ. ಸಾಯುತ್ತಿರುವ ಮರಿಯನ್ನು ಅವಳು ನೋಡಿಬಿಡುತ್ತಾಳೆ ಅಂತ ನಾನು ಕಣದ ಕಡೆಯ ಸುತ್ತುದಾರಿ ಹಿಡಿದೆ. ಅರ್ಧ ದಾರಿಗೆ ರಾಣಿಯ ಕತ್ತು ನನ್ನ ತೋಳಿನ ಮೇಲೆ ಜೋತುಬಿತ್ತು. ಆಗ ನನಗೆ ಬುದ್ಧಿ ಬಂತು. ಕಣದ ಬೇಲಿ ಸಂದಿಯಿಂದ ನುಸುಳಿ, ಅಳುತ್ತಾ ಅದೇ ಗೇಟಿನ ಮುಂದೆ ಓಡಿದೆ.

ನನ್ನ ಅಳು ಕೇಳಿ ಕಸ್ತೂರಮ್ಮ ಹೊರಗೆ ಬಂದಳು. ಚಪ್ಪಲಿ ಕೂಡ ಮೆಟ್ಟದೆ ನನ್ನ ಜೊತೆ ಓಡಿಬಂದಳು. ಡಾಕ್ಟರು ಊಟಕ್ಕೆ ಹೊರಟಿದ್ದರು. ಇವಳೇ ಮುಂದೆ ಓಡಿ ಅವರನ್ನು ನಿಲ್ಲಿಸಿದಳು. ಸೂಜಿ ಚುಚ್ಚಿದರು. ಸಂಜೆಯವರೆಗೂ ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದೆವು. ಕೊನೆಗೆ ರಾಣಿ ಕಣ್ಣು ಬಿಟ್ಟಿತು.

ಬೆನಕಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹಸಿ ಅಡಿಕೆ ನಾಯಿಗೆ ವಿಷ ಕಣಕ್ಕಾ. ನಾವು ಅಗಿದು ಉಗೀತೀವಿ, ಅದು ನುಂಗ್ತೈತೆ. ಈ ಸಲ ಉಳೀತು. ಖೇಣಿ ಮುಗಿಯಾಕೆ ಇನ್ನೂ ಎರಡು ತಿಂಗಳೈತೆ. ರುಚಿ ಕಂಡೈತೆ, ಮತ್ತೆ ತಿನ್ನದೇ ಬಿಡ್ತೈತಾ?" ಎಂದ.

"ಕಟ್ಟಿ ಹಾಕ್ತೀನಿ."

"ಎಷ್ಟು ದಿನಾ ಅಂತ ಕಟ್ಟಿ ಹಾಕ್ತೀರಿ? ಆಡಾಕೆ ಬಂದ ಮರಿ ಅದು."

ಇದನ್ನು ಯಾರ ಮನೆಗೆ ಕೊಡಬೇಕು ಅನ್ನುವುದು ನನಗೂ ಗೊತ್ತಿತ್ತು, ಬೆನಕಪ್ಪನಿಗೂ ಗೊತ್ತಿತ್ತು. ಭದ್ರಾವತಿಯ ತಂಗಿ ನೆನಪಾದಳು, ಜಗಳೂರಿನ ಚಿಕ್ಕಮ್ಮ ನೆನಪಾದಳು. ಇವಳಿಗೆ ಮಾತ್ರ ಬೇಡ ಅಂತ ಮನಸ್ಸು ಹಟ ಹಿಡಿಯಿತು. ಆಗಲೇ ಎರಡು ಸಲ, ಅಡಿಕೆ ತಿನ್ನಿಸಿದಾಗ ಮತ್ತು ಸುತ್ತುದಾರಿ ಹಿಡಿದಾಗ, ಆ ಹಟದ ಮಾತು ಕೇಳಿ ರಾಣಿಯನ್ನು ಸಾಯಿಸಲು ಹೋಗಿದ್ದೆ.

"ಕಸ್ತೂರಮ್ಮಾ," ಎಂದೆ. "ನಿಮ್ಮ ಪಿಂಕಿಗೆ ಜೊತೆ ಆಗ್ತೈತೆ. ತಗೊಂಡು ಹೋಗ್ರಿ."

"ಶಂಕ್ರಕ್ಕಾ, ನಿಮ್ಮ ಮಗಳು ಅಳಾಕಿಲ್ವಾ?"

"ಅವಳು ಹೆಂಗೂ ನಿಮ್ಮನ್ಯಾಗೇ ಇರ್ತಾಳೆ."

ಅವಳು ರಾಣಿಯನ್ನು ತನ್ನ ಸೆರಗಿಗೆ ತೆಗೆದುಕೊಂಡಳು. ನನ್ನ ಸೆರಗು ಖಾಲಿಯಾಯಿತು.

ಮನೆಗೆ ಬಂದರೆ ಪಟ್ಟೆಬೆಕ್ಕು ಗೋಣಿಚೀಲದ ಮೇಲೆ ಮಲಗಿತ್ತು. ಅಡಿಕೆ ರಾಶಿಯನ್ನು ಅದು ಮೂಸಿಯೂ ನೋಡುವುದಿಲ್ಲ. ಹಂಡೆಗೆ ಉರಿ ಹಾಕಿದ ಕೂಡಲೇ ಅಟ್ಟ ಹತ್ತುತ್ತದೆ. ಅಷ್ಟು ವರ್ಷ ನಮ್ಮ ಮನೆಯಲ್ಲೇ ಇದ್ದರೂ ನಾನು ಅದಕ್ಕೊಂದು ಹೆಸರಿಟ್ಟಿರಲಿಲ್ಲ. ಅವತ್ತು ಮೊದಲ ಸಲ ಬಟ್ಟಲಿಗೆ ಹಾಲು ಹಾಕಿ ಪಕ್ಕದಲ್ಲಿ ಕೂತೆ.

ಹೊಟ್ಟೆಕಿಚ್ಚು ಹೋಯಿತೇ ಅಂತ ಕೇಳುತ್ತೀರಿ. ಇಲ್ಲ. ನಿನ್ನೆಯೂ ಆ ಗೇಟಿನ ಮುಂದೆ ಹೋಗುತ್ತಿದ್ದೆ. ರಾಣಿ ಈಗ ದೊಡ್ಡದಾಗಿದೆ, ಕೂದಲು ಮಿರಿಮಿರಿ ಮಿಂಚುತ್ತದೆ. ನನ್ನನ್ನು ಕಂಡು ಓಡಿಬಂದು ಸರಳಿನ ಸಂದಿಯಿಂದ ನನ್ನ ಕೈ ನೆಕ್ಕಿತು. ಅಷ್ಟರಲ್ಲಿ ಒಳಗಿನಿಂದ ಕಸ್ತೂರಮ್ಮ ಕರೆದಳು. ಅದು ತಿರುಗಿಯೂ ನೋಡದೆ ಓಡಿಹೋಯಿತು. ಹೊಟ್ಟೆ ಉರಿಯಿತು. ಉರಿದರೆ ಉರಿಯಲಿ, ರಾಣಿ ಓಡುತ್ತಿದೆಯಲ್ಲ.

ಅಕ್ಕತಂಗಿಯರೇ, ಮನೆಯೊಳಗೆ ಒಂದು ಜೀವ ತರುವ ಮೊದಲು ನಿಮ್ಮ ನಡುಮನೆಯಲ್ಲಿ ಒಂದು ಗಳಿಗೆ ನಿಂತು ಸುತ್ತ ನೋಡಿ. ಅದರ ಜೊತೆ ಇರಲು ನಿಮಗೆ ಹೊತ್ತಿದೆಯೇ, ಆಡಲು ಅದಕ್ಕೆ ಜಾಗವಿದೆಯೇ, ಬಾಯಿಗೆ ಸಿಗುವಂತೆ ಏನೇನು ಬಿದ್ದಿದೆ? ನಿಮ್ಮೂರಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ನಾಯಿಯಾಗಲಿ ಬೆಕ್ಕಾಗಲಿ, ಹುಚ್ಚುರೋಗ ಬರದ ಹಾಗೆ ಸೂಜಿ ಹಾಕಿಸಿ. ನಿಮ್ಮ ಮನೆಗೆ ಹೊಂದುವುದನ್ನೇ ಸಾಕಿ, ಹೊಂದದಿದ್ದರೆ ಬೇಡ ಎನ್ನಿ. ನನ್ನ ಹಾಗೆ ಪಕ್ಕದ ಮನೆಯ ಗೇಟು ನೋಡಿಕೊಂಡು ಮಾತ್ರ ತರಬೇಡಿ. ಹೊಟ್ಟೆಕಿಚ್ಚು ನನ್ನದು, ಬಾಯಲ್ಲಿ ನೊರೆ ಬಂದದ್ದು ಆ ಮರಿಗೆ.